ಮುನ್ನೂರ ತೊಂಬತ್ತೊಂದು ಕಾರ್ಡುಗಳ ಲ್ಯಾಮಿನೇಷನ್

ಕಾಲ ಯಾವುದನ್ನೂ ಬಿಡುವುದಿಲ್ಲ. ಸಾಮ್ರಾಜ್ಯಗಳು ಅಳಿದವು, ಕೋಟೆಗಳು ಕುಸಿದವು, ಪಂಡಿತರು ಜೀವಮಾನವಿಡೀ ಕೂತು ಬರೆದ ತಾಳೆಗರಿಗಳನ್ನು ಗೆದ್ದಲು ತಿಂದು ತೇಗಿತು. ಇದಕ್ಕೆಲ್ಲ ಒಂದೇ ಕಾರಣ, ಆ ಕಾಲದವರಿಗೆ ಲ್ಯಾಮಿನೇಷನ್ ಗೊತ್ತಿರಲಿಲ್ಲ ಎಂದು ನಾನು ಮೂವತ್ತೆಂಟನೆಯ ವಯಸ್ಸಿನವರೆಗೂ ನಂಬಿದ್ದೆ. ಆ ನಂಬಿಕೆ ಕಳಚಿಬಿದ್ದದ್ದು 2000ನೇ ಇಸವಿಯ ಜುಲೈ ತಿಂಗಳ ಮೊದಲ ಶನಿವಾರ, ಮಿಷಿಗನ್ನಿನಲ್ಲಿ, ಒಂದು ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ.

ನಮ್ಮ ಪೀಳಿಗೆಯವರಿಗೆ ಈ ಭಕ್ತಿ ಎಲ್ಲಿಂದ ಬಂತೆಂದು ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿ ನನ್ನ ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ನಮ್ಮಪ್ಪ ಮೊದಲು ಅದನ್ನು ದೇವರ ಮುಂದಿಟ್ಟರು, ಆಮೇಲೆ ಕೋರ್ಟಿನ ಎದುರಿನ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದರು. ಎರಡನೆಯದು ಮುಗಿದ ಮೇಲೆಯೇ ಮಗ ಪಾಸಾದನೆಂಬ ಧೈರ್ಯ ಅವರಿಗೆ ಬಂದದ್ದು. ಅಮೆರಿಕಕ್ಕೆ ಬಂದ ಮೇಲೂ ನಾನು ಆ ಸಂಪ್ರದಾಯ ಬಿಡಲಿಲ್ಲ. ಮಗಳ ಲಸಿಕೆ ಚೀಟಿ, ಮನೆ ಬಿಸಿಮಾಡುವ ಫರ್ನೇಸಿನ ವಾರಂಟಿ, ಸಾರಿನ ಪುಡಿಯ ಅಳತೆ ಬರೆದು ಅತ್ತೆಯವರು ಕಳಿಸಿದ್ದ ಕಾಗದ, ಎಲ್ಲವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಚಿರಂಜೀವಿಗಳಾಗಿದ್ದವು.

ಯಾರಾದರೂ ಮನೆಗೆ ಬಂದರೆ ನನ್ನ ಹೆಂಡತಿ ಸುಧಾ, "ಈ ಮನೇಲಿ ಲ್ಯಾಮಿನೇಷನ್ ಆಗದೆ ಉಳಿದಿರೋದು ನಾನೊಬ್ಬಳೇ. ಅದೂ ಮೆಷೀನಿಗೆ ಹಿಡಿಸಲ್ಲ ಅಂತ" ಎನ್ನುತ್ತಿದ್ದಳು.

ನಾವು 1998ರವರೆಗೆ ಮಿಷಿಗನ್ನಿನ ಆನ್ ಆರ್ಬರಿನಲ್ಲಿದ್ದೆವು. ಅಲ್ಲಿ ಒಂದು ಲ್ಯಾಬಿನ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದ ಮನೆಯಲ್ಲಿ ಎಮಿಲಿ ಎಂಬ ಹುಡುಗಿಯಿದ್ದಳು, ನಮ್ಮ ಶ್ರುತಿಯ ವಯಸ್ಸಿನವಳೇ. ಇಬ್ಬರಿಗೂ ಬೇಸ್‌ಬಾಲ್ ಕಾರ್ಡುಗಳ ಹುಚ್ಚು. ನಮ್ಮ ಬಾಲ್ಯದಲ್ಲಿ ಬಬಲ್‌ಗಮ್ ಜೊತೆ ಕ್ರಿಕೆಟ್ಟಿಗರ ಚಿತ್ರ ಬರುತ್ತಿತ್ತಲ್ಲ, ಅದೇ ಜಾತಿ. ಮುಂದೆ ಆಟಗಾರನ ಫೋಟೊ, ಹಿಂದೆ ಕಾರ್ಡಿನ ನಂಬರು ಮತ್ತು ಅವನ ಜಾತಕ. ಇಬ್ಬರೂ ಸೇರಿ 1997ರ ಒಂದೇ ಸೆಟ್ಟನ್ನು ಪೂರ್ತಿ ಮಾಡಲು ಹೊರಟಿದ್ದರು. ನಾನೂರು ಕಾರ್ಡುಗಳ ಸೆಟ್ಟು. ಅದರಲ್ಲಿ ಹೆಸರಾಂತ ಆಟಗಾರರು ಹತ್ತು ಹನ್ನೆರಡು ಮಂದಿ. ಉಳಿದವರೆಲ್ಲ ಅವರವರ ತಾಯಿಗೆ ಮಾತ್ರ ಗೊತ್ತಿರುವಂಥವರು. ಅಂಥವರ ಕಾರ್ಡಿಗೆ ಈ ವ್ಯಾಪಾರದಲ್ಲಿ 'ಕಾಮನ್' ಎನ್ನುತ್ತಾರೆ.

ನನಗೆ ಇಲಿನಾಯ್‌ನಲ್ಲಿ ಕೆಲಸ ಸಿಕ್ಕಿ ಪ್ಲೇನ್‌ಫೀಲ್ಡಿಗೆ ಹೊರಟಾಗ ಇಬ್ಬರೂ ಅಳುತ್ತಾರೆಂದು ನಾವು ಹೆದರಿದ್ದೆವು. ಅವರು ಅಳಲಿಲ್ಲ, ಕರಾರುಪತ್ರ ಬರೆದರು. ಆರು ತಿಂಗಳು ಸೆಟ್ಟು ಎಮಿಲಿಯ ಮನೆಯಲ್ಲಿ, ಆರು ತಿಂಗಳು ನಮ್ಮಲ್ಲಿ. ಜುಲೈನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಹಸ್ತಾಂತರ. ಅಣ್ಣ ತಮ್ಮಂದಿರು ಸರದಿಯ ಮೇಲೆ ಮನೆದೇವರ ಪೂಜೆ ಮಾಡುವ ಹಾಗೆ. ಏಳು ನಿಯಮಗಳಿದ್ದ ಆ ಪತ್ರಕ್ಕೆ ಸಾಕ್ಷಿ ಬೇಕೆಂದು ನನ್ನ ಮುಂದೆ ಹಿಡಿದರು. ಮನೆ ಸಾಲದ ಕಾಗದಗಳನ್ನೇ ಓದದೆ ಸಹಿ ಮಾಡಿದವನು ನಾನು. ಇದಕ್ಕೂ ಹಾಗೇ ಮಾಡಿದೆ.

ಪ್ಲೇನ್‌ಫೀಲ್ಡಿನ ನಮ್ಮ ಹೊಸ ಬಡಾವಣೆಯಲ್ಲಿ ಆಗ ಅರ್ಧ ಮನೆಗಳು ಇನ್ನೂ ಏಳುತ್ತಿದ್ದವು. ಜೋಳದ ಹೊಲದ ಪಕ್ಕದಲ್ಲಿ ನಮ್ಮ ಮನೆ. ಎರಡು ವರ್ಷವಾದರೂ ಶ್ರುತಿಗೆ ಶಾಲೆಯಲ್ಲಿ ಸ್ನೇಹಿತರಾಗಲಿಲ್ಲ. ಬಸ್ಸಿನಿಂದ ಇಳಿದವಳು ನೇರ ತನ್ನ ರೂಮಿಗೆ ಹೋಗುತ್ತಿದ್ದಳು. ಭಾನುವಾರ ಸಂಜೆ ಎಮಿಲಿಯ ಫೋನ್ ಬಂದಾಗ ಮಾತ್ರ ಅವಳು ಗಟ್ಟಿಯಾಗಿ ನಗುವುದು ಕೇಳುತ್ತಿತ್ತು. "ಐ ಗಾಟ್ ಟೂ ತರ್ಟಿ!" "ನೋ ವೇ!" ಎಂದು ಕಿರುಚಾಟ. ಆ ನಗು ಕೇಳಲೆಂದೇ ಸುಧಾ ಆ ಹೊತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತಿದ್ದಳು. 2000ದ ಬೇಸಿಗೆಯ ಹೊತ್ತಿಗೆ ನಾನೂರರಲ್ಲಿ ಮುನ್ನೂರ ತೊಂಬತ್ತೊಂದು ಕಾರ್ಡು ಸೇರಿದ್ದವು.

ಆಗಲೇ ನನ್ನ ಬುದ್ಧಿ ಕೆಲಸ ಮಾಡಿದ್ದು. ಆಫೀಸಿನಲ್ಲಿ ಒಬ್ಬರು, ತಮ್ಮ ಅಜ್ಜನ ಅಟ್ಟದಲ್ಲಿ ಸಿಕ್ಕಿದ ಒಂದು ಹಳೆಯ ಕಾರ್ಡು ಮಾರಿ ದೋಣಿ ಕೊಂಡ ಕಥೆ ಹೇಳಿದರು. ನಾನು ಪತ್ರಿಕೆಗಳನ್ನೂ ಮಾರುವ ಔಷಧಿ ಅಂಗಡಿಯಲ್ಲಿ ನಿಂತು ಕಾರ್ಡುಗಳ ಬೆಲೆಯ ಪತ್ರಿಕೆಯೊಂದನ್ನು ತಿರುವಿ ಹಾಕಿದೆ. 1997ರ ಕಾಮನ್‌ಗಳಿಗೆ ಐದು ಸೆಂಟು ಎಂದಿತ್ತು. ನನಗೆ ನಿರಾಶೆಯಾಗಲಿಲ್ಲ. ಇವತ್ತಿನ ಐದು ಸೆಂಟು ನಾಳೆಯ ದೋಣಿ. ನಡುವೆ ಬೇಕಾದದ್ದು ಮೂವತ್ತು ವರ್ಷ ಮತ್ತು ಒಳ್ಳೆಯ ಸಂರಕ್ಷಣೆ. ಮೂವತ್ತು ವರ್ಷ ತಾನಾಗಿ ಬರುತ್ತದೆ. ಸಂರಕ್ಷಣೆಗೆ ನಾನಿದ್ದೇನೆ.

ಜೂನ್ ಕೊನೆಯ ಶನಿವಾರ ಸುಧಾ ಮತ್ತು ಶ್ರುತಿ ಒಂದು ನಾಮಕರಣಕ್ಕೆಂದು ಲೆಮಾಂಟ್ ದೇವಸ್ಥಾನಕ್ಕೆ ಹೋದರು. ನಾನು ಕಾರ್ಡಿನ ಪೆಟ್ಟಿಗೆ ಹಿಡಿದು ಸಲೀಂ ಭಾಯ್ ಅವರ ಅಂಗಡಿಗೆ ಹೋದೆ. ಅವರು ಭದ್ರಾವತಿಯವರು, ಹತ್ತಿರದಲ್ಲೇ ಜೆರಾಕ್ಸ್ ಮತ್ತು ಪ್ರಿಂಟಿಂಗ್ ಅಂಗಡಿ ಇಟ್ಟಿದ್ದರು. ಪ್ಲೇನ್‌ಫೀಲ್ಡಿಗೆ ಬಂದ ಮೇಲೆ ನನ್ನ ಎಲ್ಲ ದಾಖಲೆಗಳೂ ಅಮರವಾದದ್ದು ಅವರ ಮೆಷೀನಿನಲ್ಲೇ.

ಪೆಟ್ಟಿಗೆ ನೋಡಿ ಅವರು, "ಇಷ್ಟೂನಾ ಸಾರ್? ಮಗೂನ ಒಂದು ಮಾತು ಕೇಳಿದ್ರಾ?" ಎಂದರು.

"ಸರ್‌ಪ್ರೈಸ್ ಸಲೀಂ ಭಾಯ್."

"ನಮ್ಮ ಮನೇಲಿ ನಾನು ಕೇಳದೆ ಒಂದು ಸೋಫಾ ತಂದಿದ್ದೆ, ಸರ್‌ಪ್ರೈಸ್ ಅಂತಾನೇ. ಈಗ ಅದು ಇಲ್ಲೇ ಇದೆ, ನೋಡಿ, ನೀವು ಕೂತಿರೋದೇ ಅದರ ಮೇಲೆ."

ಅವರ ಮಾತಿನಲ್ಲಿದ್ದ ಎಚ್ಚರಿಕೆಯನ್ನು ನಾನು ಹಾಸ್ಯವೆಂದು ತಿಳಿದು ನಕ್ಕೆ. ಒಂದು ಹಾಳೆಗೆ ಒಂಬತ್ತು ಕಾರ್ಡಿನಂತೆ ನಲವತ್ತನಾಲ್ಕು ಹಾಳೆ. ಅವರು ಮೆಷೀನಿಗೆ ಹಾಕಿದರು, ನಾನು ಬಿಸಿಬಿಸಿಯಾಗಿ ಬಂದದ್ದನ್ನು ಕತ್ತರಿಸಿದೆ. ಮೂಲೆಗಳು ಕೈಗೆ ಚುಚ್ಚಬಾರದೆಂದು ಒಂದೊಂದನ್ನೂ ದುಂಡಗೆ ಮಾಡಿದೆ. ಮುನ್ನೂರ ತೊಂಬತ್ತೊಂದು ಕಾರ್ಡು, ತಲಾ ನಾಲ್ಕು ಮೂಲೆ. ಬೆರಳಲ್ಲಿ ಬೊಬ್ಬೆ ಬಂತು. ಇಂಥ ತಂದೆ ಎಷ್ಟು ಮಕ್ಕಳಿಗುಂಟು ಎಂದುಕೊಂಡು ಮನೆಗೆ ಬಂದೆ.

ಶ್ರುತಿ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಕಾರ್ಡು ಎತ್ತಿದಳು. ಬಗ್ಗಿಸಿದಳು. ಅದು ಬಗ್ಗಲಿಲ್ಲ. ಇನ್ನೊಂದು ಎತ್ತಿದಳು. ತಳದವರೆಗೂ ಕೈ ಹಾಕಿ ನೋಡಿದಳು.

"ಅಪ್ಪಾ, ವಾಟ್ ಡಿಡ್ ಯು ಡೂ?"

"ಇನ್ನು ನೂರು ವರ್ಷ ಏನೂ ಆಗಲ್ಲ ಪುಟ್ಟಾ. ನೀರು ಬಿದ್ರೂ ಏನೂ ಆಗಲ್ಲ."

ಅವಳು ರೂಮಿಗೆ ಹೋಗಿ ಕರಾರುಪತ್ರ ತಂದು ನನ್ನ ಮುಂದಿಟ್ಟಳು. ನಾಲ್ಕನೆಯ ನಿಯಮದ ಮೇಲೆ ಬೆರಳಿಟ್ಟಳು. ಇಬ್ಬರೂ ಒಪ್ಪದೆ ಯಾವ ಕಾರ್ಡಿಗೂ ಏನನ್ನೂ ಮಾಡುವಂತಿಲ್ಲ. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಸಹಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ.

ಎಮಿಲಿ ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆನ್ ಆರ್ಬರಿನಲ್ಲಿ ಎದುರುಮನೆಯ ಹುಡುಗಿಯೊಬ್ಬಳು ಒಂದು ಕಾರ್ಡಿನ ತುದಿ ಮಡಿಸಿದ್ದಕ್ಕೆ ಅವಳ ಜೊತೆ ಮಾತು ಬಿಟ್ಟವಳು ಮತ್ತೆ ಆಡಿರಲಿಲ್ಲ. ಶ್ರುತಿಗೆ ಇದು ಗೊತ್ತು. ನನಗೂ ಗೊತ್ತಿತ್ತು, ನೆನಪಾದದ್ದು ಆಗ. ಮರುದಿನ ಭಾನುವಾರ ಫೋನ್ ಬಂದಾಗ ಶ್ರುತಿ ತಲೆನೋವೆಂದು ಅಮ್ಮನ ಕೈಲಿ ಹೇಳಿಸಿದಳು. ಆ ಸಂಜೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಲ್ಲಲಿಲ್ಲ.

ಸುಧಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಅವಳಿಗೆ ಇದ್ದಿದ್ದು ಅದೊಂದೇ ಕಣ್ರೀ" ಎಂದಳು. ಸಲೀಂ ಭಾಯ್ ದಿನಾ ಫೋನ್ ಮಾಡಿ "ಮಗು ಮಾತಾಡ್ತಾ ಸಾರ್?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, "ನನ್ನ ಮೆಷೀನಿಗೂ ಇದರಲ್ಲಿ ಪಾಪ ಇದೆ" ಎನ್ನುತ್ತಿದ್ದರು.

ಹಸ್ತಾಂತರದ ಶನಿವಾರ ಬೆಳಿಗ್ಗೆ ನಾನು, ಶ್ರುತಿ ಇಬ್ಬರೇ ಹೊರಟೆವು. ಇನ್ನೂರೈವತ್ತು ಮೈಲಿ. ಪೆಟ್ಟಿಗೆ ಅವಳ ತೊಡೆಯ ಮೇಲೆ. ಇಂಡಿಯಾನಾ ದಾಟುವವರೆಗೆ ಅವಳು ಆಡಿದ್ದು ಎರಡು ಮಾತು. ಒಂದು "ನೋ", ಇನ್ನೊಂದು "ಐಯಾಮ್ ಫೈನ್". ಮಿಷಿಗನ್ನಿನಲ್ಲಿ ಪೆಟ್ರೋಲ್ ಹಾಕಿಸಲು ಹೆದ್ದಾರಿಯಿಂದ ಒಂದು ಎಕ್ಸಿಟ್ ತೆಗೆದುಕೊಂಡಾಗ, ಕ್ಷೌರದಂಗಡಿಯೊಂದರ ಕಿಟಕಿಯಲ್ಲಿ ಕೈಬರಹದ ಬೋರ್ಡು ಕಂಡಿತು: ಬೇಸ್‌ಬಾಲ್ ಕಾರ್ಡು ಕೊಳ್ಳುತ್ತೇವೆ, ಮಾರುತ್ತೇವೆ. ತಿಳಿದವರೊಬ್ಬರು ನೋಡಿ 'ಏನೂ ಹಾಳಾಗಿಲ್ಲ' ಎಂದರೆ ಶ್ರುತಿಗೂ ಸಮಾಧಾನ, ನನಗೂ ನಿರಪರಾಧಿಯೆಂಬ ಸರ್ಟಿಫಿಕೇಟು. ಕಾರು ನಿಲ್ಲಿಸಿದೆ.

ಹಿಂದಿನ ಕೋಣೆಯಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರು ಕೂತಿದ್ದರು. ಗೋಡೆಯುದ್ದಕ್ಕೂ ಸೂರಿನವರೆಗೆ ಉದ್ದುದ್ದ ರಟ್ಟಿನ ಪೆಟ್ಟಿಗೆಗಳು. ಅವರು ಕನ್ನಡಕ ಏರಿಸಿ ನಮ್ಮ ಒಂದು ಕಾರ್ಡನ್ನು ಬೆಳಕಿಗೆ ಹಿಡಿದರು. ಟೇಬಲಿನ ಅಂಚಿಗೆ ಕುಟ್ಟಿದರು. ಟಕಟಕ ಎಂದಿತು. ಮುಂದೆ ಇಂಗ್ಲಿಷಿನಲ್ಲಿ ನಡೆದದ್ದನ್ನು ನನಗೆ ನೆನಪಿರುವಂತೆ ನನ್ನ ಮಾತಿನಲ್ಲೇ ಬರೆಯುತ್ತೇನೆ.

"ಇದನ್ನ ಯಾರು ಮಾಡಿದ್ದು?"

"ನಾನೇ."

"ಬೇಕು ಅಂತಲೇ?"

"ಬೆಲೆ ಉಳೀಲಿ ಅಂತ. ಈಗ ಬೆಲೆ ಕಡಿಮೆ ಆಗಿದೆಯಾ?"

ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು. "ಆ ಭಯ ಬೇಡ. ಇವಕ್ಕೆ ಮೊದಲೂ ಬೆಲೆ ಇರಲಿಲ್ಲ, ಈಗಲೂ ಇಲ್ಲ. ನೀವು ಏನನ್ನೂ ಬದಲಾಯಿಸಿಲ್ಲ."

ನಾನು ದೋಣಿಯ ಕಥೆ ಹೇಳಿದೆ. ಅವರು ತಲೆಯಾಡಿಸಿದರು. "ಆ ಕಾಲದ ಕಾರ್ಡಿಗೆ ಬೆಲೆ ಬಂದದ್ದು ಯಾಕೆ ಗೊತ್ತಾ? ತಾಯಂದಿರು ಮನೆ ಗುಡಿಸುವಾಗ ಎಸೆದರು, ಅದಕ್ಕೆ. ಈಗ ಎಲ್ಲರೂ ನಿಮ್ಮ ಹಾಗೇ, ಯಾರೂ ಎಸೆಯೋದಿಲ್ಲ. ಅಚ್ಚು ಹಾಕೋರು ಲಕ್ಷಗಟ್ಟಲೆ ಹಾಕುತ್ತಾರೆ. ನಿಮ್ಮದಕ್ಕೆ ಬೆಲೆ ಬರಬೇಕಾದರೆ ಮಿಕ್ಕವರೆಲ್ಲ ತಮ್ಮದನ್ನು ಸುಡಬೇಕು. ನಾನೇ ಈ ಗೋಡೆಯದನ್ನೆಲ್ಲ ಒಂದು ಸಲ ಕಸದವರಿಗೆ ಕೊಡಲು ಹೋದೆ. ಅವರು ಭಾರ ಅಂದರು."

ಶ್ರುತಿ, "ಎಮಿಲಿ ಟ್ರಸ್ಟೆಡ್ ಮಿ" ಎಂದಳು. ಆ ವಾರವೆಲ್ಲ ಅಳದೆ ಇದ್ದವಳು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತಳು.

ಯಜಮಾನರು ಎದ್ದು ಒಳಗಿನಿಂದ ಟಿಶ್ಯೂ ತಂದುಕೊಟ್ಟರು. ಎಮಿಲಿ ಯಾರು, ಕರಾರು ಏನು, ಎಲ್ಲವನ್ನೂ ಅವಳ ಬಾಯಿಂದಲೇ ಕೇಳಿದರು. ನಾಲ್ಕನೆಯ ನಿಯಮ ಕೇಳಿದಾಗ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಏಣಿ ಹಾಕಿ ಮೇಲಿನ ಸಾಲಿನಿಂದ ಮೂರು ಉದ್ದನೆಯ ಪೆಟ್ಟಿಗೆ ಇಳಿಸಲು ನನಗೆ ಹೇಳಿದರು. 1997ರದ್ದು, ನಮ್ಮದೇ ಸೆಟ್ಟು, ಎಲ್ಲ ಕಾಮನ್‌ಗಳು, ಸಾವಿರಾರು, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಲಸಿಹೋಗಿದ್ದವು.

"ಬೇಕಾದ್ದನ್ನು ಆರಿಸಿಕೋ ಮಗು. ದುಡ್ಡು ಬೇಡ. ಉಳಿದದ್ದನ್ನು ನಂಬರ್ ಪ್ರಕಾರ ಜೋಡಿಸಿ ಹೋಗಿ ಸಾಕು. ಹನ್ನೆರಡು ದೊಡ್ಡ ಆಟಗಾರರದ್ದು ಮಾತ್ರ ಗಾಜಿನ ಕಪಾಟಿನಲ್ಲಿದೆ. ಅದಕ್ಕೆ ಅಪ್ಪ ಕೊಡ್ತಾರೆ." ಅಪ್ಪ ಕೊಟ್ಟರು. ಅದು ನಮ್ಮಿಬ್ಬರ ಆ ದಿನದ ಊಟಕ್ಕಿಂತ ಕಡಿಮೆಯಾಯಿತು.

ನಾವಿಬ್ಬರೂ ನೆಲದ ಮೇಲೆ ಕೂತೆವು. ಮೂರು ಗಂಟೆಯ ಮೇಲಾಯಿತು. ನಾನು ನಂಬರ್ ಓದುವುದು, ಅವಳು ಆ ಕಾರ್ಡನ್ನು ಎತ್ತಿ ನೋಡಿ ಇಡುವುದು. ಮೊದಮೊದಲು ಸುಮ್ಮನೆ ಇಟ್ಟಳು. ಆಮೇಲೆ ಅವಳ ಬಾಯಿ ಬಿಚ್ಚಿತು. ಇವನು ಎಡಗೈ, ಇವನಿಗೆ ಮೊಣಕಾಲು ಹೋಯಿತು, ಇವನ ಮೀಸೆ ನೋಡಿ ಎಮಿಲಿಗೆ ನಗು ಬರುತ್ತದೆ, ಇವನು ಒಂದೇ ಒಂದು ವರ್ಷ ಆಡಿದ್ದು. ಎರಡು ವರ್ಷ ಗೋಡೆಯಾಚೆಯಿಂದ ನಾನು ಕೇಳಿದ್ದ ನಂಬರುಗಳಿಗೆಲ್ಲ ಅಂದು ಮುಖ ಬಂತು. ದೋಣಿ ತಂದುಕೊಟ್ಟ ಆ ಹಳೆಯ ಕಾರ್ಡಿನಂತೆ ಇವೂ ಅಪರೂಪವಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತೆಂದು ಯೋಚಿಸಿದೆ. ಮೂರು ಕಾಸಿಗೂ ಬಾಳದಷ್ಟು ಹೇರಳವಾಗಿದ್ದವೆಂದೇ ನನ್ನ ತಪ್ಪಿಗೆ ಪರಿಹಾರವಿತ್ತು.

ಒಂದು ಕಾರ್ಡಿಗೆ ಅವಳ ಕೈ ನಿಂತಿತು. ನೂರ ಹದಿನೆಂಟು. ಅವರಿಗೆ ಸಿಗದೆ ಉಳಿದಿದ್ದ ಒಂಬತ್ತರಲ್ಲಿ ಅಲ್ಲಿ ಸಿಕ್ಕಿದ್ದು ಅದೊಂದೇ. ಎರಡು ವರ್ಷದಿಂದ ಪ್ರತಿ ಭಾನುವಾರ ಫೋನಿನಲ್ಲಿ ಅದರದ್ದೇ ಜಪ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮುಂದೆ ನೋಡಿದಳು, ಹಿಂದೆ ನೋಡಿದಳು. ಆಮೇಲೆ ಯಜಮಾನರ ಪೆಟ್ಟಿಗೆಯಲ್ಲಿ ನೂರ ಹದಿನೇಳರ ಪಕ್ಕಕ್ಕೆ ಸಿಕ್ಕಿಸಿದಳು.

"ತಗೋ ಪುಟ್ಟಾ, ಅವರು ಹೇಳಿದಾರಲ್ಲ."

"ನಾಟ್ ವಿದೌಟ್ ಎಮಿಲಿ."

ಯಜಮಾನರು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. "ಅದು ಅಲ್ಲೇ ಇರುತ್ತೆ. ಇದನ್ನ ಕೊಳ್ಳೋರು ಯಾರೂ ಇಲ್ಲ, ಆ ಒಂದು ಅನುಕೂಲ ಇದೆ" ಎಂದರು.

ಹೊರಗೆ ಬಂದು ನಾನು ಹೊಸ ಸೆಟ್ಟನ್ನು ಅವಳ ತೊಡೆಯ ಮೇಲಿಟ್ಟೆ, ಪ್ಲಾಸ್ಟಿಕ್ ಸೆಟ್ಟನ್ನು ಡಿಕ್ಕಿಯಲ್ಲಿಟ್ಟೆ. ಕಾರು ಶುರು ಮಾಡುತ್ತ ಮೆಲ್ಲಗೆ ಹೇಳಿದೆ, "ಅದು ಡಿಕ್ಕೀಲೇ ಇರಲಿ. ಎಮಿಲಿಗೆ ಗೊತ್ತಾಗೋದೂ ಇಲ್ಲ. ಹೇಳೋದೇನೂ ಬೇಡ."

ಅವಳು ನನ್ನ ಕಡೆ ತಿರುಗಿದಳು. "ಅಪ್ಪಾ. ಯು ಸೈನ್ಡ್ ಇಟ್."

ನಾನು ಇಳಿದು ಹೋಗಿ, ಡಿಕ್ಕಿಯಿಂದ ಆ ಪೆಟ್ಟಿಗೆ ತಂದು ಹಿಂದಿನ ಸೀಟಿನ ಮೇಲಿಟ್ಟೆ.

ಎಮಿಲಿ ಮನೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕೆಂಚು ಜಡೆ, ಮೊಣಕಾಲಿಗೆ ಬ್ಯಾಂಡೇಜು. ಶ್ರುತಿ ಅವಳನ್ನು ತಬ್ಬಿಕೊಳ್ಳಲಿಲ್ಲ. ಎರಡೂ ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ನನ್ನನ್ನು ದೂರಲಿಲ್ಲ. "ಪೆಟ್ಟಿಗೆ ನೋಡಿಕೊಳ್ಳಬೇಕಾಗಿದ್ದವಳು ನಾನು" ಎಂದಳು. ನಾನು ಮುಂದೆ ಬಂದು, ತಪ್ಪು ನನ್ನದು, ಸಾಕ್ಷಿಯಾಗಿ ಸಹಿ ಹಾಕಿಯೂ ನಿಯಮ ಓದಿರಲಿಲ್ಲ ಎಂದು ಹತ್ತು ವರ್ಷದ ಆ ಹುಡುಗಿಗೆ ಕೈಕಟ್ಟಿ ನಿಂತು ಹೇಳಿದೆ. ವೀಸಾ ಅಧಿಕಾರಿಯ ಮುಂದೆಯೂ ನಾನು ಅಷ್ಟು ವಿನಯದಿಂದ ನಿಂತಿರಲಿಲ್ಲ.

ಎಮಿಲಿ ಒಂದು ಪ್ಲಾಸ್ಟಿಕ್ ಕಾರ್ಡು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶ್ರುತಿ ಮೆಟ್ಟಿಲ ಮೇಲೆ ಕೂತಳು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ. ಅವಳ ಪಾದದ ಮೇಲೆ ಕೈಯಿಟ್ಟೆ. ಅವಳು ಅದನ್ನು ತಳ್ಳಲಿಲ್ಲ. ಒಳಗೆ ನಲ್ಲಿ ಬಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಐದು ನಿಮಿಷವೋ ಹತ್ತು ನಿಮಿಷವೋ, ನನ್ನ ಲೆಕ್ಕ ತಪ್ಪಿತ್ತು.

ಬಾಗಿಲು ತೆರೆಯಿತು. ಎಮಿಲಿಯ ಕೈಯಲ್ಲಿ ನೀರು ತುಂಬಿದ ಗಾಜಿನ ಜಗ್ಗು, ಅದರೊಳಗೆ ಕಾರ್ಡು. ಅದನ್ನು ತೆಗೆದು ಅಂಗಿಗೆ ಒರೆಸಿ ಶ್ರುತಿಯ ಮೂಗಿನ ಮುಂದೆ ಹಿಡಿದಳು.

"ಮುನ್ನೂರರವರೆಗೆ ಎಣಿಸಿದೆ. ಒಳಗೆ ಒಣಗೇ ಇದೆ." ಆಮೇಲೆ ಪೆಟ್ಟಿಗೆಯ ಕಡೆ ನೋಡಿ, "ಎಲ್ಲವೂ ಹೀಗೇನಾ?" ಎಂದಳು.

"ಎಲ್ಲವೂ" ಎಂದಳು ಶ್ರುತಿ.

"ಪೂಲಿಗೆ ತಗೊಂಡು ಹೋಗಬಹುದಾ?"

ಹಿತ್ತಲಿನಲ್ಲಿ ಗಾಳಿ ತುಂಬಿದ ಪುಟ್ಟ ಪೂಲಿತ್ತು. ಆ ಸಂಜೆ ಆಧುನಿಕ ಬೇಸ್‌ಬಾಲಿನ ಮುನ್ನೂರ ತೊಂಬತ್ತೊಂದು ಮಂದಿ ಸರದಿಯಲ್ಲಿ ಅದರೊಳಗೆ ಇಳಿದರು. ಮುಳುಗಿದವನು ಔಟ್, ತೇಲಿದವನಿಗೆ ಹೋಮ್ ರನ್. ನಿಯಮಗಳನ್ನು ಎಮಿಲಿಯೇ ಮಾಡಿದಳು. ಎರಡು ವರ್ಷದಿಂದ ಭಾನುವಾರಕ್ಕೆ ಮಾತ್ರ ಸೀಮಿತವಾಗಿದ್ದ ಆ ನಗು ಶನಿವಾರ ಕೇಳಿಸಿತು. ನಾನು ಅಡಿಗೆಮನೆಯ ಫೋನಿನಿಂದ ಸುಧಾಗೆ ಕರೆ ಮಾಡಿ ರಿಸೀವರನ್ನು ಕಿಟಕಿಗೆ ಹಿಡಿದೆ. ಅತ್ತ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು. ಕೊನೆಗೆ, "ಸಲೀಂ ಭಾಯ್‌ಗೂ ಒಂದು ಫೋನ್ ಮಾಡಿಬಿಡಿ, ಪಾಪ" ಎಂದಳು.

ಊಟದ ಮೇಲೆ ಎಮಿಲಿ ಕರಾರಿಗೆ ಎಂಟನೆಯ ನಿಯಮ ಸೇರಿಸಿದಳು. ಶ್ರುತಿಯ ಅಪ್ಪ ಕಾರ್ಡುಗಳನ್ನು ಮುಟ್ಟುವಂತಿಲ್ಲ. ಸಹಿಗೆ ನನ್ನ ಮುಂದಿಟ್ಟಳು. ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ ಸಹಿ ಮಾಡಿದೆ.

ಮರುದಿನ ವಾಪಸು ಬರುವಾಗ ಶ್ರುತಿ ಅರ್ಧ ದಾರಿ ನಿದ್ದೆ ಮಾಡಿದಳು. ಎದ್ದವಳು ಕಿಟಕಿಯಾಚೆ ನೋಡುತ್ತ ಹೇಳಿದಳು, "ಅಪ್ಪಾ, ನೆಕ್ಸ್ಟ್ ಟೈಮ್ ಆಸ್ಕ್ ಮಿ, ಓಕೆ?"

"ಆಯ್ತು ಪುಟ್ಟಾ."

ಸ್ವಲ್ಪ ಹೊತ್ತಿನ ಮೇಲೆ, "ಯು ಡಿಡ್ ದ ಕಾರ್ನರ್ಸ್ ರಿಯಲಿ ನೈಸ್" ಎಂದಳು. ಸ್ಟಿಯರಿಂಗ್ ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ.

ಆ ಡಿಸೆಂಬರಿನಲ್ಲಿ ಇಬ್ಬರೂ ಜೊತೆಯಾಗಿ ನನ್ನ ಕಾರಿನಲ್ಲಿ ಆ ಅಂಗಡಿಗೆ ಹೋಗಿ ನೂರ ಹದಿನೆಂಟನ್ನು ತಂದರು. ಯಜಮಾನರು ಹೇಳಿದಂತೆ ಅದು ಇಟ್ಟ ಜಾಗದಲ್ಲೇ ಇತ್ತು. ಅವರ ಹೆಸರನ್ನು ನಾನು ಕೇಳಲಿಲ್ಲ ಎಂಬುದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಮಕ್ಕಳ ವಸ್ತುವನ್ನು ಮೂವತ್ತು ವರ್ಷದ ಆಚೆಯಿಂದ ನೋಡುವ ಅಭ್ಯಾಸವನ್ನು ಅಂದೇ ಬಿಟ್ಟೆ. ಅವರು ಅದನ್ನು ಇವತ್ತು ಬಳಸುತ್ತಿರುತ್ತಾರೆ.

ಜುಲೈ ಮತ್ತು ಡಿಸೆಂಬರಿನ ಹಸ್ತಾಂತರ ಇನ್ನೂ ಎಂಟು ವರ್ಷ ನಡೆಯಿತು. 2008ರ ಆಗಸ್ಟಿನಲ್ಲಿ ಇಬ್ಬರೂ ಆನ್ ಆರ್ಬರಿನಲ್ಲಿ ಒಂದೇ ಕಾಲೇಜು ಸೇರಿ, ಒಂದೇ ಹಾಸ್ಟೆಲ್ ಕೋಣೆಯಲ್ಲಿ ಉಳಿದರು.